ಸುದ್ದಿಮನೆಯ ಮೆಟ್ಟಿಲುಗಳು: ಸಂಪಾದಕ ಮೇಲೇರಿದಂತೆ ಹೊಣೆ ಹೇಗೆ ಬದಲಾಗುತ್ತದೆ?

2012ರ ನವೆಂಬರ್ 10ರ ರಾತ್ರಿ ಬಿಬಿಸಿಯ ಮಹಾನಿರ್ದೇಶಕ ಜಾರ್ಜ್ ಎಂಟ್ವಿಸಲ್ ರಾಜೀನಾಮೆ ಕೊಟ್ಟರು. ಆ ಕುರ್ಚಿಯಲ್ಲಿ ಅವರು ಇದ್ದದ್ದು ಬರೀ 54 ದಿನ. ಸುದ್ದಿಯ ಕೆಲಸ ಅವರಿಗೆ ಹೊಸದೇನೂ ಆಗಿರಲಿಲ್ಲ. 1989ರಲ್ಲಿ ಬಿಬಿಸಿಗೆ ತರಬೇತಿ ಪತ್ರಕರ್ತರಾಗಿ ಸೇರಿ, ಒಂದೊಂದೇ ಮೆಟ್ಟಿಲು ಹತ್ತಿ ಬಂದವರು. ಅವರನ್ನು ಕೆಳಗಿಳಿಸಿದ ಕಾರ್ಯಕ್ರಮದ ಹೆಸರು ‘ನ್ಯೂಸ್‌ನೈಟ್’. ಹಿಂದೊಮ್ಮೆ ಅದೇ ಕಾರ್ಯಕ್ರಮಕ್ಕೆ ಅವರೇ ಸಂಪಾದಕರಾಗಿದ್ದರು.

ನಡೆದದ್ದು ಇಷ್ಟು. ನವೆಂಬರ್ 2ರಂದು ನ್ಯೂಸ್‌ನೈಟ್, ಮಕ್ಕಳ ಮೇಲಿನ ಹಳೆಯ ದೌರ್ಜನ್ಯದ ಬಗ್ಗೆ ಒಂದು ವರದಿ ಪ್ರಸಾರ ಮಾಡಿತು. ಹೆಸರು ಹೇಳದೆ ಒಬ್ಬ ಹಿರಿಯ ರಾಜಕಾರಣಿಯತ್ತ ಬೊಟ್ಟು ಮಾಡಿತು. ಹೆಸರು ಇಂಟರ್‌ನೆಟ್‌ನಲ್ಲಿ ಹರಡಲು ಹೊತ್ತು ಹಿಡಿಯಲಿಲ್ಲ. ಒಂದು ವಾರದಲ್ಲಿ ಆರೋಪ ಮಾಡಿದ್ದ ವ್ಯಕ್ತಿಯೇ, ತಾನು ಗುರುತಿಸಿದ್ದು ತಪ್ಪಾಯಿತು ಎಂದು ಹೇಳಿದರು. ಬಿಬಿಸಿಯದೇ ರೇಡಿಯೊ ಸಂದರ್ಶನದಲ್ಲಿ ಎಂಟ್ವಿಸಲ್ ಅವರನ್ನು ಈ ಬಗ್ಗೆ ಕೇಳಿದರು. ಪ್ರಸಾರಕ್ಕೆ ಮೊದಲು ಆ ವರದಿಯ ವಿಷಯ ತಮಗೆ ಗೊತ್ತಿರಲಿಲ್ಲ ಎಂದು ಅವರು ಒಪ್ಪಿಕೊಂಡರು. ಅಂದೇ ರಾತ್ರಿ ಹುದ್ದೆ ಬಿಟ್ಟರು.

ವರದಿ ಮಾಡಿದವರು ಬೇರೆ, ಪ್ರಸಾರಕ್ಕೆ ಒಪ್ಪಿಗೆ ಕೊಟ್ಟವರು ಬೇರೆ, ಕುರ್ಚಿ ಬಿಟ್ಟವರು ಬೇರೆ. ಇದು ಹೇಗೆ ಸರಿ ಅಂತ ಅನ್ನಿಸುತ್ತದೆ, ಅಲ್ವಾ? ಉತ್ತರ ಆ ಹುದ್ದೆಯಲ್ಲೇ ಇದೆ. ಬಿಬಿಸಿಯಲ್ಲಿ ಮಹಾನಿರ್ದೇಶಕರು ಆಡಳಿತದ ಮುಖ್ಯಸ್ಥರು. ಜೊತೆಗೆ ಪ್ರಧಾನ ಸಂಪಾದಕರೂ ಅವರೇ. ಬಜೆಟ್ಟು, ಸಿಬ್ಬಂದಿ, ಕಟ್ಟಡ, ತಂತ್ರಜ್ಞಾನ ಎಲ್ಲ ನೋಡಬೇಕು. ಪ್ರಸಾರವಾಗುವ ಪ್ರತಿ ಮಾತಿಗೂ ಜವಾಬು ಕೊಡಬೇಕು. ‘ನನಗೆ ಗೊತ್ತಿರಲಿಲ್ಲ’ ಎಂಬ ಮಾತು ವರದಿಗಾರನ ಬಾಯಲ್ಲಿ ಬಂದರೆ ವಿವರಣೆ. ಆ ಕುರ್ಚಿಯಲ್ಲಿ ಕೂತವರ ಬಾಯಲ್ಲಿ ಬಂದರೆ ಅದೇ ತಪ್ಪೊಪ್ಪಿಗೆ.

ಹಿರಿಯ ಸಂಪಾದಕರೊಬ್ಬರ ಪರಿಚಯವನ್ನು ನಾವು ಸಾಮಾನ್ಯವಾಗಿ ಹುದ್ದೆಗಳ ಪಟ್ಟಿಯಾಗಿ ಓದುತ್ತೇವೆ. ವರದಿಗಾರ, ಉಪಸಂಪಾದಕ, ಸುದ್ದಿ ಸಂಪಾದಕ, ಕಾರ್ಯನಿರ್ವಾಹಕ ಸಂಪಾದಕ, ಪ್ರಧಾನ ಸಂಪಾದಕ, ಆಮೇಲೆ ಸಿಇಒ. ಒಂದೇ ಕೆಲಸ ದೊಡ್ಡದಾಗುತ್ತಾ ಹೋದ ಹಾಗೆ ಕಾಣುತ್ತದೆ. ನಿಜದಲ್ಲಿ ಪ್ರತಿ ಮೆಟ್ಟಿಲಲ್ಲೂ ಕೆಲಸವೇ ಬದಲಾಗುತ್ತದೆ. ಮೊದಲು ತನ್ನ ವಾಕ್ಯಕ್ಕೆ ಹೊಣೆ. ಆಮೇಲೆ ಬೇರೆಯವರ ವಾಕ್ಯಕ್ಕೆ. ಆಮೇಲೆ ತಾನು ಓದದೇ ಇರುವ ವಾಕ್ಯಕ್ಕೆ. ಕೊನೆಗೆ ಆ ವಾಕ್ಯ ಬರೆಯುವವರ ಸಂಬಳಕ್ಕೆ. ಈ ಬದಲಾವಣೆ ಅರ್ಥವಾದರೆ ಒಬ್ಬ ಸಂಪಾದಕ ಯಾಕೆ ಗೆದ್ದ, ಇನ್ನೊಬ್ಬ ಯಾಕೆ ಸೋತ ಅನ್ನುವುದೂ ಅರ್ಥವಾಗುತ್ತದೆ.

ಡೆಸ್ಕ್‌ನಲ್ಲಿ ಕಲಿಯುವುದು

ಹೊರಗಿನವರಿಗೆ ವರದಿಗಾರರು ಗೊತ್ತು, ವರದಿಯ ಜೊತೆ ಅಚ್ಚಾಗುವ ಅವರ ಹೆಸರು, ಅಂದರೆ ಬೈಲೈನ್, ಗೊತ್ತು. ಆ ವರದಿಯನ್ನು ತಿದ್ದಿ ಅಚ್ಚಿಗೆ ಸಿದ್ಧ ಮಾಡುವ ಡೆಸ್ಕ್ ಗೊತ್ತಿರುವುದು ಕಡಿಮೆ. ಉಪಸಂಪಾದಕರ ಕೆಲಸ ಬರೀ ಕಾಗುಣಿತ ತಿದ್ದುವುದು ಅಂದುಕೊಂಡವರು ಬಹಳ. ಬಂದ ಕಾಪಿಯಲ್ಲಿ ಹೆಸರು ಸರಿಯಿದೆಯಾ, ಅಂಕಿಗಳು ಕೂಡಿದರೆ ತಾಳೆಯಾಗುತ್ತವಾ, ಈ ಮಾತು ಯಾರು ಹೇಳಿದ್ದು ಅಂತ ನೋಡುವವರು ಅವರು. ಒಂಬೈನೂರು ಪದದ ವರದಿಯನ್ನು ಮುನ್ನೂರಕ್ಕೆ ಇಳಿಸಬೇಕು, ಅರ್ಥ ಕೆಡಬಾರದು. ಹೆಡ್‌ಲೈನ್ ಕೊಡಬೇಕು, ವರದಿಯಲ್ಲಿ ಇರುವುದಕ್ಕಿಂತ ಜಾಸ್ತಿ ಹೇಳಬಾರದು. ಇದೆಲ್ಲ ಡೆಡ್‌ಲೈನ್ ಒಳಗೆ ಆಗಬೇಕು. ಕೆಲಸ ಚೆನ್ನಾಗಿ ಆದರೆ ಯಾರಿಗೂ ಗೊತ್ತಾಗುವುದಿಲ್ಲ. ಕೆಟ್ಟರೆ ಊರಿಗೆಲ್ಲ ಗೊತ್ತಾಗುತ್ತದೆ. ತನ್ನ ಹೆಸರು ಕಾಣದ ಕೆಲಸದಲ್ಲಿ ತೃಪ್ತಿ ಪಡುವುದನ್ನು ಇಲ್ಲಿ ಕಲಿಯದವರು ಮುಂದೆ ಒಳ್ಳೆಯ ಸಂಪಾದಕರಾಗುವುದು ಕಷ್ಟ ಎಂಬುದು ನನ್ನ ನಂಬಿಕೆ.

ಅಲ್ಲಿಂದ ಸುದ್ದಿ ಸಂಪಾದಕರ ಕುರ್ಚಿ. ಯಾವ ಸುದ್ದಿಗೆ ಯಾರನ್ನು ಕಳಿಸಬೇಕು, ಮುಖಪುಟಕ್ಕೆ ಯಾವುದು, ಒಳಪುಟಕ್ಕೆ ಯಾವುದು ಎಂಬ ತೀರ್ಮಾನ ಇಲ್ಲಿ. ಟಿವಿಯಲ್ಲಾದರೆ ಇನ್‌ಪುಟ್ ಡೆಸ್ಕ್ ಸುದ್ದಿ ತರಿಸುತ್ತದೆ, ಔಟ್‌ಪುಟ್ ಡೆಸ್ಕ್ ಅದನ್ನು ತೆರೆಗೆ ಸಿದ್ಧ ಮಾಡುತ್ತದೆ. ಬೆಳಿಗ್ಗೆ ಒಂದು ಸಭೆ, ಮಧ್ಯಾಹ್ನದ ನಂತರ ಇನ್ನೊಂದು. ಆ ಸಭೆಗಳಲ್ಲಿ ಅತಿ ಕಷ್ಟದ ತೀರ್ಮಾನ ಸುದ್ದಿಯನ್ನು ತಡೆಹಿಡಿಯುವುದು. ಆರೋಪ ಹೊತ್ತವರನ್ನು ಕೇಳಿದೆವಾ? ಉತ್ತರ ಕೊಡಲು ಸಮಯ ಕೊಟ್ಟೆವಾ? ಹೇಳಿದವರಿಗೆ ಅದು ಹೇಗೆ ಗೊತ್ತು? ಇವಕ್ಕೆ ಉತ್ತರ ಇಲ್ಲದಿದ್ದರೆ, ಬೇರೆಯವರು ಮೊದಲು ಹಾಕಿದರೂ ಹಾಕಲಿ ಎನ್ನುವ ಧೈರ್ಯ ಬೇಕು. ನ್ಯೂಸ್‌ನೈಟ್ ಪ್ರಕರಣದಲ್ಲಿ ಬಿಟ್ಟುಹೋದದ್ದು ಇಂಥವೇ ಸರಳ ಕೆಲಸಗಳು. ಆರೋಪ ಹೊತ್ತವರ ಪ್ರತಿಕ್ರಿಯೆ ಕೇಳಿರಲಿಲ್ಲ. ಆರೋಪಿಸಿದವರಿಗೆ ಅವರ ಫೋಟೊ ತೋರಿಸಿರಲಿಲ್ಲ. ಆ ಹೊತ್ತಿಗೆ ಕಾರ್ಯಕ್ರಮದ ಸಂಪಾದಕರು ಇನ್ನೊಂದು ವಿವಾದದ ಕಾರಣಕ್ಕೆ ಪಕ್ಕಕ್ಕೆ ಸರಿದಿದ್ದರು. ಕೊನೆಯ ಮಾತು ಯಾರದ್ದು ಎಂಬುದೇ ಅಸ್ಪಷ್ಟವಾಗಿತ್ತು.

ಸುದ್ದಿ ತಡೆಯುವುದು ಒಂದು ಕಡೆ. ಎಲ್ಲರೂ ದಾಟಿಹೋದ ಸುದ್ದಿಯ ಮುಂದೆ ನಿಲ್ಲುವುದು ಇನ್ನೊಂದು ಕಡೆ. ಇದಕ್ಕೆ ಮಾರ್ಟಿ ಬ್ಯಾರನ್ ಅವರಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಗುವುದಿಲ್ಲ. 2001ರ ಜುಲೈ ಕೊನೆಯಲ್ಲಿ ಅವರು ‘ಬಾಸ್ಟನ್ ಗ್ಲೋಬ್’ ಸಂಪಾದಕರಾಗಿ ಬಂದರು. ಆ ಊರಿಗೆ ಹೊಸಬರು. ಮಕ್ಕಳ ಮೇಲೆ ದೌರ್ಜನ್ಯ ಎಸಗಿದ ಆರೋಪವಿದ್ದ ಒಬ್ಬ ಪಾದ್ರಿಯ ಬಗ್ಗೆ ಪತ್ರಿಕೆಯ ಅಂಕಣವೊಂದು ಆಗಷ್ಟೇ ಬಂದಿತ್ತು. ಸತ್ಯ ಗೊತ್ತಾಗಬೇಕಾದ ದಾಖಲೆಗಳೆಲ್ಲ ನ್ಯಾಯಾಲಯದಲ್ಲಿ ಮುಚ್ಚಿದ ಲಕೋಟೆಯಲ್ಲಿದ್ದವು. ಮೊದಲ ದಿನದ ಸಭೆಯಲ್ಲೇ ಬ್ಯಾರನ್ ಕೇಳಿದ್ದು ಒಂದೇ ಪ್ರಶ್ನೆ: ಆ ದಾಖಲೆಗಳನ್ನು ಬಹಿರಂಗ ಮಾಡಿಸಲು ನಾವು ಕೋರ್ಟಿಗೆ ಹೋಗಬಹುದಲ್ಲ? ಅದುವರೆಗೆ ಯಾರೂ ಹೋಗಿರಲಿಲ್ಲ. ಪತ್ರಿಕೆ ಹೋಯಿತು, ಗೆದ್ದಿತು. 2002ರ ಜನವರಿಯಲ್ಲಿ ಸರಣಿ ವರದಿ ಶುರುವಾಯಿತು. ಡಿಸೆಂಬರ್‌ನಲ್ಲಿ ಬಾಸ್ಟನ್‌ನ ಕ್ಯಾಥೊಲಿಕ್ ಚರ್ಚಿನ ಮುಖ್ಯಸ್ಥರಾಗಿದ್ದ ಕಾರ್ಡಿನಲ್ ರಾಜೀನಾಮೆ ಕೊಟ್ಟರು. 2003ರಲ್ಲಿ ಸಾರ್ವಜನಿಕ ಸೇವೆಗಾಗಿ ಪುಲಿಟ್ಜರ್ ಬಂತು, ಅಮೆರಿಕದ ಪತ್ರಿಕೋದ್ಯಮದ ದೊಡ್ಡ ಪ್ರಶಸ್ತಿ ಅದು.

ಗಮನಿಸಿ, ಆ ಸರಣಿಯಲ್ಲಿ ಬ್ಯಾರನ್ ವರದಿಗಾರರಾಗಿ ಏನೂ ಬರೆಯಲಿಲ್ಲ. ಅವರು ಮಾಡಿದ್ದು ಪ್ರಶ್ನೆ ಕೇಳಿದ್ದು, ವಕೀಲರ ಖರ್ಚಿಗೆ ಒಪ್ಪಿದ್ದು, ತಂಡಕ್ಕೆ ಸಮಯ ಕೊಟ್ಟಿದ್ದು. ಒಬ್ಬ ಪಾದ್ರಿಯ ತಪ್ಪಿಗಿಂತ ಇಡೀ ವ್ಯವಸ್ಥೆ ಅದನ್ನು ಮುಚ್ಚಿಟ್ಟ ಬಗೆಯನ್ನು ಹಿಡಿಯಿರಿ ಎಂದು ದಾರಿ ತೋರಿಸಿದ್ದು. ಈ ಮೆಟ್ಟಿಲಿನ ಕೆಲಸ ಅಂದರೆ ಇದೇ.

ತಾನು ಮಾಡದ ತಪ್ಪಿಗೆ ಉತ್ತರ

ಮೇಲಿನ ಕುರ್ಚಿಗೆ ಬಂದಾಗ ಸಂಪಾದಕರು ಎಲ್ಲವನ್ನೂ ಓದಲು ಸಾಧ್ಯವೇ ಇಲ್ಲ. ಅಲ್ಲಿ ಅವರು ನಂಬಬೇಕಾದದ್ದು ಜನರನ್ನು ಮತ್ತು ಪದ್ಧತಿಯನ್ನು. ಅವೆರಡೂ ಕೈಕೊಟ್ಟಾಗ ಏನಾಗುತ್ತದೆ ಅನ್ನುವುದಕ್ಕೆ ಎರಡು ಹೆಸರಾಂತ ಪ್ರಕರಣಗಳಿವೆ.

1980ರಲ್ಲಿ ‘ವಾಷಿಂಗ್ಟನ್ ಪೋಸ್ಟ್’ನ ವರದಿಗಾರ್ತಿ ಜಾನೆಟ್ ಕುಕ್, ಹೆರಾಯಿನ್ ಚಟಕ್ಕೆ ಬಿದ್ದ ಎಂಟು ವರ್ಷದ ಹುಡುಗನ ಕತೆ ಬರೆದರು. 1981ರ ಏಪ್ರಿಲ್‌ನಲ್ಲಿ ಅದಕ್ಕೆ ಪುಲಿಟ್ಜರ್ ಬಂತು. ಕೆಲವೇ ದಿನಗಳಲ್ಲಿ ಆ ಹುಡುಗನೇ ಇಲ್ಲ ಎಂದು ಗೊತ್ತಾಯಿತು. ಪತ್ರಿಕೆ ಪ್ರಶಸ್ತಿ ವಾಪಸ್ ಕೊಟ್ಟಿತು. ಕಾರ್ಯನಿರ್ವಾಹಕ ಸಂಪಾದಕ ಬೆನ್ ಬ್ರಾಡ್ಲಿ ಆಗ ಮಾಡಿದ ಕೆಲಸ ಮುಖ್ಯ. ಓದುಗರ ಪರವಾಗಿ ಪತ್ರಿಕೆಯನ್ನೇ ಪ್ರಶ್ನಿಸಲು ನೇಮಕವಾದ ಒಂಬುಡ್ಸ್‌ಮನ್‌ಗೆ ಪೂರ್ತಿ ಸ್ವಾತಂತ್ರ್ಯ ಕೊಟ್ಟರು. ಎಲ್ಲೆಲ್ಲಿ ಯಾರು ಕೇಳಬೇಕಾದ ಪ್ರಶ್ನೆ ಕೇಳಲಿಲ್ಲ ಅನ್ನುವುದು ಅದೇ ಪತ್ರಿಕೆಯಲ್ಲಿ ಪುಟಗಟ್ಟಲೆ ಅಚ್ಚಾಯಿತು. ಬ್ರಾಡ್ಲಿ 1991ರವರೆಗೆ ಅದೇ ಹುದ್ದೆಯಲ್ಲಿದ್ದರು.

2003ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ಗೆ ಅಂಥದೇ ಪೆಟ್ಟು ಬಿತ್ತು. ಜೇಸನ್ ಬ್ಲೇರ್ ಎಂಬ ಯುವ ವರದಿಗಾರ ಹೋಗದ ಊರುಗಳಿಂದ ವರದಿ ಕಳಿಸಿದ್ದ, ಬೇರೆ ಪತ್ರಿಕೆಗಳಿಂದ ಕದ್ದಿದ್ದ. ರಾಷ್ಟ್ರೀಯ ಸುದ್ದಿಗೆ ಹಾಕಿದ ಮೇಲೆ ಅವನು ಬರೆದ 73 ವರದಿಗಳಲ್ಲಿ ಕನಿಷ್ಠ 36ರಲ್ಲಿ ದೋಷ ಇದೆ ಎಂದು ಪತ್ರಿಕೆಯೇ ಪತ್ತೆಮಾಡಿ ಮೇ 11ರ ಮುಖಪುಟದಲ್ಲಿ ಹೇಳಿತು. ಇಲ್ಲೂ ತಪ್ಪು ಒಪ್ಪಿಕೊಂಡದ್ದು ಬಹಿರಂಗವಾಗಿಯೇ. ಆದರೂ ಜೂನ್ 5ರಂದು ಕಾರ್ಯನಿರ್ವಾಹಕ ಸಂಪಾದಕ ಹೋವೆಲ್ ರೇನ್ಸ್ ಮತ್ತು ಅವರ ನಂತರದ ಸ್ಥಾನದಲ್ಲಿದ್ದ ಜೆರಾಲ್ಡ್ ಬಾಯ್ಡ್ ಇಬ್ಬರೂ ಹೋಗಬೇಕಾಯಿತು.

ಯಾಕೆ ಈ ವ್ಯತ್ಯಾಸ? ಬ್ಲೇರ್ ಬರೆಯುವುದನ್ನು ಕೂಡಲೇ ನಿಲ್ಲಿಸಬೇಕು ಎಂದು ನಗರದ ಸುದ್ದಿ ನೋಡುವ ಮೆಟ್ರೋ ವಿಭಾಗದ ಸಂಪಾದಕರು ಒಂದು ವರ್ಷ ಮೊದಲೇ ಲಿಖಿತವಾಗಿ ಎಚ್ಚರಿಸಿದ್ದರು. ಆ ಎಚ್ಚರಿಕೆ ಫಲ ಕೊಡಲಿಲ್ಲ. ಸಿಬ್ಬಂದಿ ಸಭೆಯಲ್ಲಿ, ಮೇಲಿನವರಿಗೆ ಕೆಟ್ಟ ಸುದ್ದಿ ಹೇಳುವ ವಾತಾವರಣವೇ ಇಲ್ಲ ಎಂಬ ಸಿಟ್ಟು ಹೊರಬಂತು. ಒಬ್ಬ ಸುಳ್ಳುಗಾರ ಎಲ್ಲಿ ಬೇಕಾದರೂ ನುಸುಳಬಹುದು. ಕೆಳಗಿನ ಎಚ್ಚರಿಕೆ ಮೇಲಕ್ಕೆ ತಲುಪುತ್ತದೆಯಾ ಅನ್ನುವುದು ಮಾತ್ರ ಸಂಪಾದಕರ ಕೈಯಲ್ಲಿದೆ. ಸಿಬ್ಬಂದಿಯ ನಂಬಿಕೆ ಹೋದ ಮೇಲೆ ಎಷ್ಟು ಪುಲಿಟ್ಜರ್ ಇದ್ದರೂ ಕುರ್ಚಿ ಉಳಿಯುವುದಿಲ್ಲ.

ಹಣದ ಕಡೆಗೆ

ಇಲ್ಲಿಂದ ಮುಂದಿನದು ಬೇರೆಯೇ ಲೋಕ. ಹಳೆಯ ಪತ್ರಿಕೆಗಳಲ್ಲಿ ಸುದ್ದಿ ವಿಭಾಗ ಮತ್ತು ಜಾಹೀರಾತು ವಿಭಾಗದ ನಡುವೆ ಒಂದು ಗೋಡೆ ಇರುತ್ತಿತ್ತು. ಜಾಹೀರಾತು ಕೊಟ್ಟವರ ಬಗ್ಗೆ ಏನು ಬರೆಯಬೇಕು ಎಂದು ಯಾರೂ ಡೆಸ್ಕ್‌ಗೆ ಹೇಳಬಾರದು ಎಂಬ ಕಟ್ಟಳೆ. ಆ ಗೋಡೆ ಸುಮ್ನೆ ಕಟ್ಟಿದ್ದಲ್ಲ. ಅದನ್ನು ಕೆಡವಿದರೆ ಏನಾಗುತ್ತದೆ ಎಂದು ‘ಲಾಸ್ ಏಂಜಲೀಸ್ ಟೈಮ್ಸ್’ 1999ರಲ್ಲಿ ಕಂಡಿತು. ಆ ಪತ್ರಿಕೆಯ ಮಾತೃಸಂಸ್ಥೆಗೆ ಆಹಾರ ಕಂಪನಿಯಿಂದ ಬಂದಿದ್ದ ಮಾರ್ಕ್ ವಿಲ್ಲೆಸ್ ಮುಖ್ಯಸ್ಥರು. ಗೋಡೆ ಬೇಡ ಎಂದು ಅವರು ಬಹಿರಂಗವಾಗಿಯೇ ಹೇಳುತ್ತಿದ್ದರು. ಅಕ್ಟೋಬರ್‌ನಲ್ಲಿ ಪತ್ರಿಕೆ ಸ್ಟೇಪಲ್ಸ್ ಸೆಂಟರ್ ಎಂಬ ಹೊಸ ಕ್ರೀಡಾಂಗಣದ ಬಗ್ಗೆ ವಿಶೇಷ ಸಂಚಿಕೆ ತಂದಿತು. ಅದರ ಜಾಹೀರಾತಿನ ಲಾಭವನ್ನು ಕ್ರೀಡಾಂಗಣದವರ ಜೊತೆಗೇ ಹಂಚಿಕೊಳ್ಳುವ ಒಪ್ಪಂದ ಆಗಿತ್ತು. ಯಾರ ಬಗ್ಗೆ ಬರೆದರೋ ಅವರಿಗೇ ಪಾಲು! ಬರೆದವರಿಗೆ ಇದು ಗೊತ್ತೇ ಇರಲಿಲ್ಲ. ವಿಷಯ ಹೊರಬಿದ್ದಾಗ ಮುನ್ನೂರಕ್ಕೂ ಹೆಚ್ಚು ಪತ್ರಕರ್ತರು ಸಹಿ ಹಾಕಿ ಪ್ರತಿಭಟಿಸಿದರು. ಪತ್ರಿಕೆ ತನ್ನ ಮೇಲೆ ತಾನೇ 14 ಪುಟಗಳ ತನಿಖಾ ವರದಿ ಪ್ರಕಟಿಸಿತು. ಮರುವರ್ಷ ಮಾತೃಸಂಸ್ಥೆಯೇ ಮಾರಾಟವಾಯಿತು.

ಕೊಂಡವರು ಟ್ರಿಬ್ಯೂನ್ ಕಂಪನಿ. ಹೊಸ ಸಂಪಾದಕ ಜಾನ್ ಕ್ಯಾರಲ್ ಪತ್ರಿಕೆಯನ್ನು ಮತ್ತೆ ಎತ್ತಿ ನಿಲ್ಲಿಸಿದರು. 2004ರಲ್ಲಿ ಒಂದೇ ವರ್ಷ ಐದು ಪುಲಿಟ್ಜರ್ ಬಂದವು. ಆದರೂ ಖರ್ಚು ಕಡಿಮೆ ಮಾಡಿ ಎಂಬ ಒತ್ತಡ ನಿಲ್ಲಲಿಲ್ಲ. 2005ರಲ್ಲಿ ಅವರು ಬಿಟ್ಟರು. ಅವರ ಜಾಗಕ್ಕೆ ಬಂದ ಡೀನ್ ಬಕೇ 2006ರಲ್ಲಿ, ಇನ್ನಷ್ಟು ಜನರನ್ನು ಕೆಲಸದಿಂದ ತೆಗೆಯಲು ಬಹಿರಂಗವಾಗಿ ಒಪ್ಪಲಿಲ್ಲ. ಅವರನ್ನು ಹೊರಗೆ ಕಳಿಸಲಾಯಿತು. ಅವರ ಪರ ನಿಂತ ಪ್ರಕಾಶಕರಿಗೂ (ಪತ್ರಿಕೆಯ ಒಟ್ಟು ಆಡಳಿತ ನೋಡುವವರು) ಅದಕ್ಕೆ ಸ್ವಲ್ಪ ಮೊದಲೇ ಅದೇ ಗತಿಯಾಗಿತ್ತು.

ಇಂಥ ಹೊತ್ತಿನಲ್ಲಿ ಸಂಪಾದಕ ಏನು ಮಾಡಬೇಕು? ಒಪ್ಪಿಕೊಂಡು ಒಳಗಿದ್ದು ಸಾಧ್ಯವಾದಷ್ಟು ಉಳಿಸಬೇಕಾ? ಒಪ್ಪದೆ ಹೊರಡಬೇಕಾ? ಎರಡಕ್ಕೂ ಗೌರವಾರ್ಹ ಕಾರಣಗಳಿವೆ. ಆದರೆ ಬಜೆಟ್ ಅರ್ಥವಾಗದ ಸಂಪಾದಕನಿಗೆ ಈ ಆಯ್ಕೆಯೂ ಸಿಗುವುದಿಲ್ಲ ಎಂಬುದು ಖಚಿತ. ಎಲ್ಲಿ ಕತ್ತರಿಸಿದರೆ ಪತ್ರಿಕೆ ಬದುಕುತ್ತದೆ, ಎಲ್ಲಿ ಕತ್ತರಿಸಿದರೆ ಸಾಯುತ್ತದೆ ಎಂದು ಅಂಕಿಗಳ ಭಾಷೆಯಲ್ಲೇ ವಾದಿಸಲು ಬರಬೇಕು. ಬ್ಯಾರನ್ ಓದುವ ಕಾಲದಲ್ಲೇ ಪತ್ರಿಕೋದ್ಯಮದ ಪದವಿಯ ಜೊತೆ ಎಂಬಿಎ ಮುಗಿಸಿದ್ದರು. ಅದು ಕಾಕತಾಳೀಯ ಅನ್ನಿಸುವುದಿಲ್ಲ.

ಹಣದ ಕಡೆಯವರೆಲ್ಲ ಸುದ್ದಿಯ ಶತ್ರುಗಳು ಅಂತಲ್ಲ. 1971ರ ಜೂನ್ ನೋಡಿ. ವಿಯೆಟ್ನಾಂ ಯುದ್ಧದ ರಹಸ್ಯ ದಾಖಲೆಗಳನ್ನು ನ್ಯೂಯಾರ್ಕ್ ಟೈಮ್ಸ್ 13ರಂದು ಪ್ರಕಟಿಸಲು ಶುರುಮಾಡಿತು. ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಆಗ ಅದೇ ದಾಖಲೆಗಳು ವಾಷಿಂಗ್ಟನ್ ಪೋಸ್ಟ್ ಕೈಗೆ ಸಿಕ್ಕವು. ಪೋಸ್ಟ್ ಕಂಪನಿ ಅದೇ ವಾರ ಷೇರು ಮಾರುಕಟ್ಟೆಗೆ ಬಂದಿತ್ತು. ಅದರ ಟಿವಿ ಕೇಂದ್ರಗಳ ಪರವಾನಗಿಯೂ ಸರ್ಕಾರದ ಕೈಯಲ್ಲಿತ್ತು. ವಕೀಲರು ಬೇಡ ಎಂದರು. ಬ್ರಾಡ್ಲಿ ಮತ್ತು ಸಂಪಾದಕರು ಹಾಕಲೇಬೇಕು ಎಂದರು. ಪ್ರಕಾಶಕಿ ಕ್ಯಾಥರೀನ್ ಗ್ರಹಾಂ ಫೋನಿನಲ್ಲಿ ಎರಡೂ ಕಡೆ ಕೇಳಿ, ಪ್ರಕಟಿಸಿ ಎಂದರು. ಜೂನ್ 30ರಂದು ಸುಪ್ರೀಂ ಕೋರ್ಟ್ 6–3ರ ತೀರ್ಪಿನಲ್ಲಿ ಪತ್ರಿಕೆಗಳ ಪರ ನಿಂತಿತು. ಬ್ರಾಡ್ಲಿ ಹೆಸರು ದೊಡ್ಡದಾದದ್ದರಲ್ಲಿ ಗ್ರಹಾಂ ಅವರ ಪಾಲು ಎಷ್ಟಿದೆ ಎಂಬುದನ್ನು ನಾವು ಮರೆಯುತ್ತೇವೆ. ಸಂಪಾದಕರ ಧೈರ್ಯ ಮಾಲೀಕರ ಧೈರ್ಯವನ್ನು ಮೀರಿ ಬಹಳ ದೂರ ಹೋಗಲಾರದು.

ಇದರ ಇನ್ನೊಂದು ಮುಖವನ್ನು ಹೆರಾಲ್ಡ್ ಎವಾನ್ಸ್ ಕಂಡರು. 16ನೇ ವಯಸ್ಸಿಗೆ ಒಂದು ಸಣ್ಣ ವಾರಪತ್ರಿಕೆಯಲ್ಲಿ ವರದಿಗಾರನಾಗಿ ಶುರುಮಾಡಿ, 1967ರಲ್ಲಿ ಲಂಡನ್ನಿನ ‘ಸಂಡೇ ಟೈಮ್ಸ್’ ಸಂಪಾದಕರಾದವರು ಅವರು. ಥಾಲಿಡೋಮೈಡ್ ಔಷಧಿಯಿಂದ ಅಂಗವೈಕಲ್ಯದೊಂದಿಗೆ ಹುಟ್ಟಿದ ಮಕ್ಕಳ ಪರಿಹಾರಕ್ಕಾಗಿ ವರ್ಷಗಟ್ಟಲೆ ಹೋರಾಡಿದರು. ಲೇಖನಕ್ಕೆ ಬಿದ್ದ ತಡೆಯಾಜ್ಞೆಯ ವಿರುದ್ಧ ಪತ್ರಿಕೆ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋಗಿ 1979ರಲ್ಲಿ ಗೆದ್ದಿತು. ಆಗಿನ ಮಾಲೀಕರು ಥಾಮ್ಸನ್ ಕುಟುಂಬ. ಹಿರಿಯ ರಾಯ್ ಥಾಮ್ಸನ್, ಸಂಪಾದಕೀಯ ಬೆಂಬಲವನ್ನು ಯಾರೂ ಕೊಳ್ಳಲಾಗದು ಎಂದು ಬರೆದ ಕಾರ್ಡನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದರು. 1981ರಲ್ಲಿ ಪತ್ರಿಕೆಗಳನ್ನು ರೂಪರ್ಟ್ ಮರ್ಡಾಕ್ ಕೊಂಡರು. ಸಂಪಾದಕರ ಸ್ವಾತಂತ್ರ್ಯಕ್ಕೆ ಔಪಚಾರಿಕ ಖಾತರಿ, ಸ್ವತಂತ್ರ ನಿರ್ದೇಶಕರು, ಎಲ್ಲ ಇದ್ದವು. ಎವಾನ್ಸ್ ಅದೇ ಸಮೂಹದ ದಿನಪತ್ರಿಕೆ ‘ದ ಟೈಮ್ಸ್’ಗೆ ಸಂಪಾದಕರಾಗಿ ಹೋದರು. 1982ರ ಮಾರ್ಚ್‌ಗೆ, ಸುಮಾರು ಒಂದೇ ವರ್ಷಕ್ಕೆ, ಹೊರಬಂದರು. ಜೇಬಿನ ಕಾರ್ಡ್ ಕೆಲಸ ಮಾಡಿತು, ಔಪಚಾರಿಕ ಖಾತರಿ ಮಾಡಲಿಲ್ಲ. ಆಮೇಲೆ ಎವಾನ್ಸ್ ಅಮೆರಿಕಕ್ಕೆ ಹೋಗಿ, 1990ರಿಂದ 1997ರವರೆಗೆ ‘ರ‍್ಯಾಂಡಮ್ ಹೌಸ್’ ಪ್ರಕಾಶನದ ಮುಖ್ಯಸ್ಥರಾಗಿ ದುಡಿದರು.

ಸಂಪಾದಕ ಸಿಇಒ ಆದಾಗ

ಸುದ್ದಿಮನೆಯಿಂದ ಬಂದು ಪೂರ್ತಿ ಆಡಳಿತಕ್ಕೆ ಹೋದವರಲ್ಲಿ ಮಾರ್ಕ್ ಥಾಂಪ್ಸನ್ ಹೆಸರು ಮುಖ್ಯ. 1979ರಲ್ಲಿ ಬಿಬಿಸಿಗೆ ತರಬೇತಿಗೆ ಸೇರಿದರು. ರಾತ್ರಿ ಒಂಬತ್ತರ ವಾರ್ತೆಗೆ ಸಂಪಾದಕರಾದರು. ಬ್ರಿಟನ್ನಿನ ಇನ್ನೊಂದು ಟಿವಿ ಸಂಸ್ಥೆ ಚಾನೆಲ್ 4ರ ಮುಖ್ಯಸ್ಥರಾದರು, 2004ರಿಂದ 2012ರವರೆಗೆ ಬಿಬಿಸಿಯ ಮಹಾನಿರ್ದೇಶಕರು. ಅವರ ನಂತರ ಬಂದವರೇ ಎಂಟ್ವಿಸಲ್. ಥಾಂಪ್ಸನ್ ಅಲ್ಲಿಂದ ನ್ಯೂಯಾರ್ಕ್ ಟೈಮ್ಸ್ ಕಂಪನಿಯ ಸಿಇಒ ಆಗಿ ಹೋಗಿ 2020ರವರೆಗೆ ಇದ್ದರು. 2023ರಲ್ಲಿ ಸಿಎನ್‌ಎನ್ ಸೇರಿದರು.

ಟೈಮ್ಸ್‌ನಲ್ಲಿ ಅವರ ಕೆಲಸ ಸುದ್ದಿ ಆರಿಸುವುದಾಗಿರಲಿಲ್ಲ. ಆನ್‌ಲೈನ್ ಓದಿಗೆ ಹಣ ಕೇಳುವ ಪದ್ಧತಿ ಅಲ್ಲಿ 2011ರಲ್ಲೇ ಶುರುವಾಗಿತ್ತು. 2012ರಲ್ಲಿ ಓದುಗರಿಂದ ಬರುವ ಹಣ ಜಾಹೀರಾತಿನ ಹಣವನ್ನು ದಾಟಿತು. ಇದು ದೊಡ್ಡ ತಿರುವು. ಜಾಹೀರಾತುದಾರನನ್ನು ನಂಬಿದ ಪತ್ರಿಕೆಗೆ ಹೆಚ್ಚು ಕಣ್ಣುಗಳು ಬೇಕು. ಚಂದಾದಾರನನ್ನು ನಂಬಿದ ಪತ್ರಿಕೆಗೆ ಮುಂದಿನ ತಿಂಗಳೂ ಹಣ ಕೊಡುವಷ್ಟು ನಂಬಿಕೆ ಬೇಕು. 2019ರಲ್ಲಿ ಕಂಪನಿ, 2025ರೊಳಗೆ 1 ಕೋಟಿ ಚಂದಾ ಎಂಬ ಗುರಿ ಇಟ್ಟುಕೊಂಡಿತು. ‘ದಿ ಅಥ್ಲೆಟಿಕ್’ ಎಂಬ ಕ್ರೀಡಾ ಸುದ್ದಿ ಸಂಸ್ಥೆಯನ್ನು ಕೊಂಡಾಗ, 2022ರ ಆರಂಭಕ್ಕೇ ಅದು ಮುಟ್ಟಿತು.

ಇಲ್ಲಿ ಒಂದು ಸಣ್ಣ ವ್ಯವಸ್ಥೆ ಗಮನಿಸಬೇಕು. ಟೈಮ್ಸ್‌ನಲ್ಲಿ ಕಾರ್ಯನಿರ್ವಾಹಕ ಸಂಪಾದಕರು ಸಿಇಒ ಕೈಕೆಳಗೆ ಇಲ್ಲ. ಅವರು ಉತ್ತರ ಕೊಡುವುದು ಪ್ರಕಾಶಕರಿಗೆ. ಎಷ್ಟೇ ಅನುಭವಿ ಪತ್ರಕರ್ತರಾಗಿದ್ದರೂ ಸಿಇಒ ಆಗಿ ಥಾಂಪ್ಸನ್ ಮುಖಪುಟಕ್ಕೆ ಕೈ ಹಾಕುವಂತಿರಲಿಲ್ಲ. ಬಿಬಿಸಿಯಲ್ಲಿ ಎರಡೂ ಹೊಣೆ ಒಬ್ಬರ ತಲೆಯ ಮೇಲೆ. ‘ಗಾರ್ಡಿಯನ್’ನಲ್ಲಿ 1936ರಿಂದ ಒಂದು ಟ್ರಸ್ಟ್ ಮಾಲೀಕತ್ವ ನೋಡಿಕೊಳ್ಳುತ್ತದೆ, ಸಂಪಾದಕರನ್ನು ಅದೇ ನೇಮಿಸುತ್ತದೆ. ಹುದ್ದೆಯ ಹೆಸರು ಒಂದೇ ಆದರೂ ಸಂಸ್ಥೆ ಬದಲಾದರೆ ಅಧಿಕಾರ ಬೇರೆ.

ಈ ಮೆಟ್ಟಿಲುಗಳು ಹೆಣ್ಣುಮಕ್ಕಳಿಗೆ ಬಹಳ ತಡವಾಗಿ ತೆರೆದವು. 1851ರಲ್ಲಿ ಹುಟ್ಟಿದ ನ್ಯೂಯಾರ್ಕ್ ಟೈಮ್ಸ್‌ಗೆ ಮೊದಲ ಮಹಿಳಾ ಕಾರ್ಯನಿರ್ವಾಹಕ ಸಂಪಾದಕಿ ಜಿಲ್ ಏಬ್ರಮ್‌ಸನ್ ಬಂದದ್ದು 2011ರಲ್ಲಿ. 1821ರ ಗಾರ್ಡಿಯನ್‌ಗೆ ಕ್ಯಾಥರೀನ್ ವೈನರ್ 2015ರಲ್ಲಿ. ವಾಷಿಂಗ್ಟನ್ ಪೋಸ್ಟ್‌ಗೆ ಸ್ಯಾಲಿ ಬಜ್ಬಿ 2021ರಲ್ಲಿ. ಬಜ್ಬಿ 2024ರ ಜೂನ್‌ನಲ್ಲಿ ಹುದ್ದೆ ಬಿಟ್ಟದ್ದು ಪ್ರಕಾಶಕರು ಸುದ್ದಿಮನೆಯನ್ನು ಭಾಗ ಮಾಡಿ ಹೊಸ ವ್ಯವಸ್ಥೆ ತರಲು ಹೊರಟಾಗ.

ಹಾಗಾಗಿ ಯಾರಾದರೂ ಸಂಪಾದಕರಿಗೆ ದೊಡ್ಡ ಹುದ್ದೆ ಸಿಕ್ಕಿದೆ ಎಂಬ ಸುದ್ದಿ ಓದಿದಾಗ ಹುದ್ದೆಯ ಹೆಸರಿಗಿಂತ ಬೇರೆ ಕೆಲವು ವಿಷಯ ಹುಡುಕಿ. ಅವರು ಯಾರಿಗೆ ಉತ್ತರ ಕೊಡಬೇಕು? ಅವರನ್ನು ತೆಗೆಯುವ ಅಧಿಕಾರ ಯಾರ ಕೈಯಲ್ಲಿದೆ? ಸುದ್ದಿಮನೆಯ ಬಜೆಟ್ ಮೇಲೆ ಅವರ ಮಾತು ನಡೆಯುತ್ತದೆಯಾ? ಹಿಂದಿನ ಸಂಸ್ಥೆಯಲ್ಲಿ ತಪ್ಪಾದಾಗ ಅದನ್ನು ಹೇಗೆ ತಿದ್ದಿಕೊಂಡರು? ಪ್ರಶಸ್ತಿಗಳ ಪಟ್ಟಿಗಿಂತ ಈ ಉತ್ತರಗಳೇ ಜಾಸ್ತಿ ಹೇಳುತ್ತವೆ.

ಹಿಂದಿನ ಕುರ್ಚಿಯನ್ನು ಹೇಗೆ ಬಿಟ್ಟರು ಎಂಬುದನ್ನೂ ನೋಡಿ. 2006ರಲ್ಲಿ ಹೊರಬಿದ್ದ ಡೀನ್ ಬಕೇ ಮರುವರ್ಷವೇ ನ್ಯೂಯಾರ್ಕ್ ಟೈಮ್ಸ್‌ನ ವಾಷಿಂಗ್ಟನ್ ಕಚೇರಿಯ ಮುಖ್ಯಸ್ಥರಾದರು. 2014ರಲ್ಲಿ ಅದೇ ಪತ್ರಿಕೆಯ ಕಾರ್ಯನಿರ್ವಾಹಕ ಸಂಪಾದಕರಾದರು. 2022ರಲ್ಲಿ ಆ ಹುದ್ದೆಯಿಂದ ಇಳಿದ ಮೇಲೆ, ತಮ್ಮ ಸುತ್ತಲಿನ ಊರುಗಳ ಆಡಳಿತವನ್ನು ತನಿಖೆ ಮಾಡುವ ಯುವ ವರದಿಗಾರರಿಗಾಗಿ ಟೈಮ್ಸ್ ಶುರುಮಾಡಿದ ಫೆಲೋಶಿಪ್‌ನ ಹೊಣೆ ಹೊತ್ತರು.